ಕಿಟಕಿ ಪಕ್ಕದ ಗೋಡೆ

ಅಮ್ಮನ ಮೊದಲ ವಿಮಾನಯಾನ, ಬೆಂಗಳೂರಿನಿಂದ ದೆಹಲಿಗೆ. ಎಕ್ಸ್‌ಟ್ರಾ ದುಡ್ಡು ಕೊಟ್ಟು ಕಿಟಕಿ ಸೀಟು ಬುಕ್ ಮಾಡಿದ್ದೆ. ಹೋಗಿ ಕೂತರೆ ಪಕ್ಕದಲ್ಲಿ ಕಿಟಕಿಯೇ ಇಲ್ಲ, ಬರೀ ಗೋಡೆ! ಕೆಲವು ವಿಮಾನಗಳಲ್ಲಿ ಏಸಿ ಗಾಳಿಯ ಕೊಳವೆ ಗೋಡೆಯೊಳಗೆ ಹಾದುಹೋಗುವ ಸಾಲಿಗೆ ಕಿಟಕಿ ಇರೋದಿಲ್ಲ ಅಂತ ಆಮೇಲೆ ಗೊತ್ತಾಯ್ತು. ಅಮ್ಮ "ಪರವಾಗಿಲ್ಲ ಬಿಡೋ" ಅಂದು ಎರಡೂವರೆ ಗಂಟೆ ಆ ಗೋಡೆಯನ್ನೇ ನೋಡಿದರು. ನನಗೆ ಮಾತ್ರ ಅದು ಚುಚ್ಚುತ್ತಲೇ ಇತ್ತು.

ಆ ಸಂಕಟದಲ್ಲೇ ವಿಮಾನದ ಕಿಟಕಿಯ ಇತಿಹಾಸ ಕೆದಕಲು ಕೂತೆ.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಟಪಾಲು ಹೊತ್ತು ತಂದ ಪುಸ್ ಮಾತ್ ವಿಮಾನಕ್ಕೆ ರೆಕ್ಕೆ ಇದ್ದದ್ದು ತಲೆಯ ಮೇಲೆ. ಕೆಳಗಿನ ನೆಲ ನೋಡಲು ಅಡ್ಡಿಯೇ ಇಲ್ಲ. ಆ ಟಪಾಲು ಮಾರ್ಗ ಮುಂದೆ ನಮ್ಮ ಬಳ್ಳಾರಿಯ ಮೇಲೆ ಮದ್ರಾಸಿಗೆ ಹೋಗುತ್ತಿತ್ತು. ಆಗ ಹಾರಾಟ ಕೆಳಮಟ್ಟದಲ್ಲೇ. ಹಾಗಾಗಿ ಕಿಟಕಿಯ ಆಕಾರದ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ.

ಜೆಟ್ ಬಂದ ಮೇಲೆ ಲೆಕ್ಕ ಬದಲಾಯ್ತು. ಎತ್ತರದ ತೆಳು ಗಾಳಿಯಲ್ಲಿ ಉಸಿರಾಡಲು ಒಳಗೆ ಗಾಳಿ ತುಂಬಿಸಬೇಕು. ಅಂದರೆ ಪ್ರತಿ ಹಾರಾಟದಲ್ಲೂ ವಿಮಾನದ ಮೈ ಬಲೂನಿನಂತೆ ಒಮ್ಮೆ ಉಬ್ಬಿ ಒಮ್ಮೆ ಇಳಿಯುತ್ತದೆ. 1952ರ ಮೇ 2ರಂದು ಬ್ರಿಟನ್ನಿನ ಕಾಮೆಟ್ ಜಗತ್ತಿನ ಮೊದಲ ಜೆಟ್ ಪ್ರಯಾಣಿಕ ಸೇವೆ ಶುರುಮಾಡಿತು. ಅದರ ಕಿಟಕಿಗಳು ದೊಡ್ಡವು, ಹೆಚ್ಚುಕಡಿಮೆ ಚೌಕ.

1954ರ ಜನವರಿ 10ರಂದು ಇಟಲಿಯ ಎಲ್ಬಾ ದ್ವೀಪದ ಬಳಿ ಒಂದು ಕಾಮೆಟ್ ಆಕಾಶದಲ್ಲೇ ಒಡೆದುಹೋಯಿತು. 35 ಜನ ಸತ್ತರು. ಹಾರಾಟ ನಿಲ್ಲಿಸಿದರು, ಏನೇನೋ ರಿಪೇರಿ ಮಾಡಿದರು, ಮಾರ್ಚಿನಲ್ಲಿ ಮತ್ತೆ ಹಾರಿಸಿದರು. ಏಪ್ರಿಲ್ 8ಕ್ಕೆ ನೇಪಲ್ಸ್ ಬಳಿ ಇನ್ನೊಂದು ಬಿತ್ತು. 21 ಜನ. ನಿಜವಾದ ಕಾರಣ ಗೊತ್ತಾಗುವ ಮೊದಲೇ ಹಾರಿಸಿದ್ದರ ಬೆಲೆ ಅದು.

ಆಮೇಲೆ ಫಾರ್ನ್‌ಬರೋದ ವಿಜ್ಞಾನಿಗಳು ಒಂದು ಇಡೀ ಕಾಮೆಟ್‌ನ ದೇಹವನ್ನು ನೀರಿನ ತೊಟ್ಟಿಯಲ್ಲಿಟ್ಟು, ಒಳಗೆ ಒತ್ತಡ ಏರಿಸಿ ಇಳಿಸಿ ನೋಡಿದರು. ಮೊದಲು ಹಾರಿದ್ದೂ ಸೇರಿ 3,057 ಸುತ್ತುಗಳಿಗೆ ಮೈ ಸೀಳಿತು. ಲೋಹಕ್ಕೆ ದಣಿವಾಗಿತ್ತು. ಮೂಲೆಗಳಲ್ಲಿ, ರಿವೆಟ್ ತೂತುಗಳ ಬಳಿ ಒತ್ತಡ ಗುಂಪುಗೂಡುತ್ತಿತ್ತು. ಎಲ್ಬಾದ ಅವಶೇಷದಲ್ಲಿ ಬಿರುಕು ಹುಟ್ಟಿದ್ದು ಪ್ರಯಾಣಿಕರ ಕಿಟಕಿಯಲ್ಲಲ್ಲ, ಛಾವಣಿಯ ಆ್ಯಂಟೆನಾ ಕಿಂಡಿಯ ಹತ್ತಿರ. ಪಾಠ ಮಾತ್ರ ಎಲ್ಲಾ ಕಿಂಡಿಗಳಿಗೂ ಒಂದೇ. 1958ರಲ್ಲಿ ಸೇವೆಗೆ ಬಂದ ಕಾಮೆಟ್ 4ರ ಕಿಟಕಿಗಳು ದುಂಡಗಾಗಿದ್ದವು.

ಇನ್ನು ನಿಮ್ಮ ಸೀಟಿನ ವಿಷಯ. ಸೀಟ್ ಮ್ಯಾಪ್‌ನಲ್ಲಿ ರೆಕ್ಕೆ ಎಲ್ಲಿದೆ ನೋಡಿ, ಅದರಿಂದ ಸಾಕಷ್ಟು ಮುಂದೆ ಅಥವಾ ಹಿಂದೆ ಹಿಡಿಯಿರಿ. ಬೆಳಿಗ್ಗೆ ಉತ್ತರಕ್ಕೆ ಹೋಗುವುದಾದರೆ ಬಿಸಿಲು ಬಲಕ್ಕೆ, ದಕ್ಷಿಣಕ್ಕಾದರೆ ಎಡಕ್ಕೆ. ನೀವು ನೆರಳಿನ ಕಡೆ ಕೂತರೆ ನೆಲ ಚೆನ್ನಾಗಿ ಕಾಣುತ್ತದೆ. ಹುಬ್ಬಳ್ಳಿ, ಮೈಸೂರಿನಂಥ ಊರುಗಳಿಗೆ ಹಾರುವ ಎಟಿಆರ್ ಸಿಕ್ಕರೆ ಅದೃಷ್ಟ: ಪುಸ್ ಮಾತ್ ಥರಾನೇ ರೆಕ್ಕೆ ಮೇಲಿದೆ, ಹಿಂದಿನ ಸಾಲು ಹಿಡಿದರಾಯ್ತು. ಮತ್ತೆ, ದುಡ್ಡು ಕೊಡುವ ಮುಂಚೆ ಆ ಸಾಲಿಗೆ ಕಿಟಕಿ ಇದೆಯಾ ಅಂತ ವಿಚಾರಿಸಿ!

ವಾಪಸ್ ಬರುವಾಗ ಬೆಳಗಿನ ಫ್ಲೈಟು, ಬಲಗಡೆ, ರೆಕ್ಕೆಯ ಹಿಂದೆ. ಅಮ್ಮ ಗಾಜಿಗೆ ಹಣೆ ಒತ್ತಿ ಕೂತುಬಿಟ್ಟರು. ಕೆಳಗೆ ಒಂದು ನದಿ ಹೊಳೆಯಿತು. "ಯಾವ್ದೋ ಅದು?" "ನರ್ಮದೆ ಇರ್ಬೇಕಮ್ಮ." ಸ್ವಲ್ಪ ಹೊತ್ತಾದ ಮೇಲೆ ಕೇಳಿದರು, "ಕಿಟಕಿ ಯಾಕೋ ಹೀಗೆ ದುಂಡಗಿದೆ?"

ಎಲ್ಬಾ, ನೇಪಲ್ಸ್ ಎಲ್ಲ ಬಾಯಿಗೆ ಬಂತು. ಗಾಳಿಯಲ್ಲಿ ಕೂತು ಹೇಳೋ ಕತೆ ಅಲ್ಲ ಅನ್ನಿಸಿ ಸುಮ್ಮನಾದೆ. ಮನೆ ತಲುಪಿ ಕಾಫಿ ಕುಡಿಯುವಾಗ ಹೇಳಿದೆ. ಅಮ್ಮ ಲೋಟ ಕೆಳಗಿಟ್ಟು, "ಅಷ್ಟು ಜನ ಹೋಗ್ಬೇಕಾಯ್ತಾ ಅದಕ್ಕೆ?" ಅಂದರು.