ಆಕ್ಸಿಆರ್

ಆಕ್ಸಿಆರ್ ಎಂಬುದು ಎಶೆರಿಕಿಯಾ ಕೋಲಿ, ಸಾಲ್ಮೊನೆಲ್ಲಾ ಮೊದಲಾದ ಅನೇಕ ಬ್ಯಾಕ್ಟೀರಿಯಾಗಳಲ್ಲಿ ಕಂಡುಬರುವ ನಿಯಂತ್ರಕ ಪ್ರೋಟೀನು. ಜೀವಕೋಶದೊಳಗೆ ಹೈಡ್ರೋಜನ್ ಪೆರಾಕ್ಸೈಡ್‌ನ ಪ್ರಮಾಣ ಏರಿದೊಡನೆ ಅದನ್ನು ನೇರವಾಗಿ ಗುರುತಿಸಿ, ರಕ್ಷಣೆಗೆ ಬೇಕಾದ ಜೀನುಗಳ ಪ್ರತಿಲೇಖನವನ್ನು ಆರಂಭಿಸುವುದು ಇದರ ಕಾರ್ಯ. ಅಪಾಯವನ್ನು ಅಳೆಯುವ ಸಂವೇದಕವೂ ಜೀನುಗಳನ್ನು ಚಾಲನೆಗೊಳಿಸುವ ನಿಯಂತ್ರಕವೂ ಒಂದೇ ಅಣುವಿನಲ್ಲಿರುವುದು ಇದರ ವಿಶೇಷ. ಇದು ಲೈಸ್‌ಆರ್ ಎಂಬ ದೊಡ್ಡ ನಿಯಂತ್ರಕ ಕುಟುಂಬಕ್ಕೆ ಸೇರಿದೆ. ಎಶೆರಿಕಿಯಾ ಕೋಲಿಯಲ್ಲಿ ಇದು 305 ಅಮೈನೋ ಆಮ್ಲಗಳಿಂದ ಕೂಡಿದ್ದು, ನಾಲ್ಕು ಪ್ರತಿಗಳು ಒಂದುಗೂಡಿ ಡಿಎನ್‌ಎಗೆ ಅಂಟಿಕೊಳ್ಳುತ್ತವೆ.

ಹಿನ್ನೆಲೆ

ಆಮ್ಲಜನಕವನ್ನು ಬಳಸಿ ಬದುಕುವ ಜೀವಕೋಶವು ಅದರ ಅಪಾಯವನ್ನೂ ಹೊರಬೇಕಾಗುತ್ತದೆ. ಫ್ಲೇವಿನ್ ಹೊಂದಿರುವ ಕಿಣ್ವಗಳಿಂದ ಆಕಸ್ಮಿಕವಾಗಿ ಜಾರುವ ಇಲೆಕ್ಟ್ರಾನುಗಳು ಆಮ್ಲಜನಕವನ್ನು ಸೇರಿ ಸೂಪರಾಕ್ಸೈಡ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್‌ಗಳನ್ನು ಉಂಟುಮಾಡುತ್ತವೆ. ಪೆರಾಕ್ಸೈಡ್ ಹೊರಗಿನಿಂದಲೂ ಬರುತ್ತದೆ. ಮಾನವನ ಬಿಳಿ ರಕ್ತಕಣಗಳು ನುಂಗಿದ ಬ್ಯಾಕ್ಟೀರಿಯಾವನ್ನು ಕೊಲ್ಲಲು ಇಂಥ ಅಣುಗಳನ್ನು ಉದ್ದೇಶಪೂರ್ವಕವಾಗಿ ತಯಾರಿಸುತ್ತವೆ. ಕೆಲವು ಲ್ಯಾಕ್ಟಿಕ್ ಆಮ್ಲ ಬ್ಯಾಕ್ಟೀರಿಯಾಗಳು ತಮ್ಮ ಸುತ್ತಲಿನ ಪ್ರತಿಸ್ಪರ್ಧಿಗಳ ನಡುವೆ ಅದನ್ನು ಹೊರಸೂಸುತ್ತವೆ. ವಿದ್ಯುದಾವೇಶವಿಲ್ಲದ ಕಾರಣ ಹೈಡ್ರೋಜನ್ ಪೆರಾಕ್ಸೈಡ್ ಕೋಶಪೊರೆಯನ್ನು ಸುಲಭವಾಗಿ ದಾಟುತ್ತದೆ.

ಪೆರಾಕ್ಸೈಡ್‌ನ ಹಾನಿ ಬಹುಮಟ್ಟಿಗೆ ಕಬ್ಬಿಣದ ಮೂಲಕ ನಡೆಯುತ್ತದೆ. ಕೋಶದಲ್ಲಿ ಬಿಡಿಯಾಗಿರುವ ಫೆರಸ್ ಕಬ್ಬಿಣದೊಡನೆ ಅದು ವರ್ತಿಸಿದಾಗ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಹೆನ್ರಿ ಫೆಂಟನ್ 1894ರಲ್ಲಿ ವಿವರಿಸಿದ ರಾಸಾಯನಿಕ ಕ್ರಿಯೆಯೇ ಇದಕ್ಕೆ ಮೂಲವಾದ್ದರಿಂದ ಇದನ್ನು ಫೆಂಟನ್ ಕ್ರಿಯೆ ಎನ್ನುತ್ತಾರೆ. ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎದುರಾದ ಬಹುತೇಕ ಎಲ್ಲ ಜೈವಿಕ ಅಣುಗಳೊಡನೆ ತಕ್ಷಣ ವರ್ತಿಸುತ್ತದೆ. ಡಿಎನ್‌ಎಗೆ ಹತ್ತಿರದಲ್ಲಿ ಹುಟ್ಟಿದರೆ ಡಿಎನ್‌ಎಯನ್ನೇ ಮುರಿಯುತ್ತದೆ. ಕಬ್ಬಿಣ-ಗಂಧಕ ಗುಚ್ಛಗಳನ್ನು ಹೊಂದಿರುವ ಕೆಲವು ಕಿಣ್ವಗಳೂ ಪೆರಾಕ್ಸೈಡ್‌ನಿಂದ ನಿಷ್ಕ್ರಿಯವಾಗುತ್ತವೆ. ಪೆರಾಕ್ಸೈಡ್ ನಾಶಕ ಕಿಣ್ವಗಳನ್ನು ತೆಗೆದುಹಾಕಿದ ಎಶೆರಿಕಿಯಾ ಕೋಲಿ ತಳಿಗಳು ಗಾಳಿಯಲ್ಲಿ ಬೆಳೆಯುವಾಗ ಲ್ಯೂಸಿನ್ ಅಮೈನೋ ಆಮ್ಲವನ್ನು ತಯಾರಿಸಲಾರವು. ಅದರ ತಯಾರಿಕೆಯ ಹಾದಿಯಲ್ಲಿರುವ ಒಂದು ಕಿಣ್ವ ಈ ವರ್ಗಕ್ಕೆ ಸೇರಿರುವುದೇ ಇದಕ್ಕೆ ಕಾರಣ.

ಶೋಧ

ಅಲ್ಪ ಪ್ರಮಾಣದ ಹೈಡ್ರೋಜನ್ ಪೆರಾಕ್ಸೈಡ್‌ಗೆ ಮೊದಲೇ ಒಡ್ಡಿದ ಬ್ಯಾಕ್ಟೀರಿಯಾಗಳು ಆನಂತರ ಮಾರಕ ಪ್ರಮಾಣವನ್ನೂ ಸಹಿಸಿಕೊಳ್ಳುತ್ತವೆ ಎಂಬುದು 1980ರ ದಶಕದ ಆರಂಭದಲ್ಲಿ ತಿಳಿದುಬಂದಿತು. ಇದರ ಹಿಂದಿರುವ ಜೀನನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ ಬ್ರೂಸ್ ಏಮ್ಸ್ ಅವರ ತಂಡ 1985ರಲ್ಲಿ ಗುರುತಿಸಿತು. ಪೆರಾಕ್ಸೈಡ್‌ಗೆ ಒಡ್ಡಿದ ಸಾಲ್ಮೊನೆಲ್ಲಾದಲ್ಲಿ ಸುಮಾರು 30 ಪ್ರೋಟೀನುಗಳ ಉತ್ಪಾದನೆ ಏರುತ್ತಿತ್ತು. ಒಂದು ರೂಪಾಂತರಿತ ತಳಿಯಲ್ಲಿ ಮಾತ್ರ ಅವುಗಳಲ್ಲಿ ಒಂಬತ್ತು ಯಾವ ಪ್ರಚೋದನೆಯೂ ಇಲ್ಲದೆ ಸದಾ ಹೆಚ್ಚಿನ ಪ್ರಮಾಣದಲ್ಲಿದ್ದವು. ಆ ತಳಿ ಪೆರಾಕ್ಸೈಡ್‌ಗೆ ನಿರೋಧಕವೂ ಆಗಿತ್ತು. ಇದೇ ಏಮ್ಸ್ ರಾಸಾಯನಿಕಗಳ ಉತ್ಪರಿವರ್ತಕ ಗುಣವನ್ನು ಅಳೆಯುವ ಏಮ್ಸ್ ಪರೀಕ್ಷೆಯಿಂದ ಹೆಚ್ಚು ಪರಿಚಿತರು. ಪ್ರೋಟೀನು ತಾನೇ ಉತ್ಕರ್ಷಣಗೊಂಡು ಸಕ್ರಿಯವಾಗುತ್ತದೆ ಎಂಬುದನ್ನು 1990ರಲ್ಲಿ ಗಿಸೆಲಾ ಸ್ಟಾರ್ಜ್ ಮತ್ತು ಸಹೋದ್ಯೋಗಿಗಳು ತೋರಿಸಿದರು.

ಕಾರ್ಯವಿಧಾನ

ಆಕ್ಸಿಆರ್‌ನ 199ನೆಯ ಮತ್ತು 208ನೆಯ ಸ್ಥಾನಗಳಲ್ಲಿ ಗಂಧಕವುಳ್ಳ ಸಿಸ್ಟೀನ್ ಎಂಬ ಅಮೈನೋ ಆಮ್ಲವಿದೆ. ಸಾಮಾನ್ಯ ಸ್ಥಿತಿಯಲ್ಲಿ ಇವೆರಡರ ನಡುವೆ ಸುಮಾರು 1.7 ನ್ಯಾನೋಮೀಟರ್ ಅಂತರವಿರುತ್ತದೆ. ಪೆರಾಕ್ಸೈಡ್ ಮೊದಲು 199ನೆಯ ಸಿಸ್ಟೀನನ್ನು ಉತ್ಕರ್ಷಿಸುತ್ತದೆ. ಬಳಿಕ ಆ ಭಾಗದ ಮಡಿಕೆಯೇ ಬದಲಾಗಿ 208ನೆಯ ಸಿಸ್ಟೀನ್ ಹತ್ತಿರ ಬಂದು, ಎರಡೂ ಗಂಧಕಗಳ ನಡುವೆ ಡೈಸಲ್ಫೈಡ್ ಬಂಧ ಏರ್ಪಡುತ್ತದೆ. ಇಷ್ಟು ದೂರದಲ್ಲಿರುವ ಎರಡು ಗಂಧಕಗಳು ಬಂಧಿಸಲು ಪ್ರೋಟೀನು ತನ್ನ ಆಕಾರವನ್ನು ಗಣನೀಯವಾಗಿ ಬದಲಿಸಲೇಬೇಕು. ಆಕಾರದ ಈ ಬದಲಾವಣೆಯೇ ಸಂಕೇತ. ಹೊಸ ರೂಪದಲ್ಲಿ ಆಕ್ಸಿಆರ್ ಡಿಎನ್‌ಎಯನ್ನು ಬೇರೆ ರೀತಿಯಲ್ಲಿ ಹಿಡಿದು, ಆರ್‌ಎನ್‌ಎ ಪಾಲಿಮರೇಸ್ ಕಿಣ್ವವನ್ನು ರಕ್ಷಣಾ ಜೀನುಗಳ ಆರಂಭಸ್ಥಾನಕ್ಕೆ ಸೆಳೆಯುತ್ತದೆ. ಇದೆಲ್ಲ ನಡೆಯಲು ಒಂದು ನಿಮಿಷವೂ ಬೇಕಿಲ್ಲ.

ಎಶೆರಿಕಿಯಾ ಕೋಲಿಯ ಒಳಗೆ ಸಾಮಾನ್ಯವಾಗಿ ಪೆರಾಕ್ಸೈಡ್‌ನ ಸಾಂದ್ರತೆ 0.05 ಮೈಕ್ರೋಮೋಲಾರ್‌ನ ಆಸುಪಾಸಿನಲ್ಲಿರುತ್ತದೆ. ಅದು 0.2 ಮೈಕ್ರೋಮೋಲಾರ್‌ನ ಸಮೀಪಕ್ಕೆ ಬಂದಾಗ ಆಕ್ಸಿಆರ್ ಎಚ್ಚರಗೊಳ್ಳುತ್ತದೆ, ಅಂದರೆ ಹಾನಿ ತೀವ್ರವಾಗುವ ಮೊದಲೇ.

ಎಚ್ಚರಗೊಳ್ಳುವಷ್ಟೇ ಶಮನವೂ ಮುಖ್ಯ. ಸಕ್ರಿಯ ಆಕ್ಸಿಆರ್ ಚಾಲನೆಗೊಳಿಸುವ ಜೀನುಗಳಲ್ಲಿ ಗ್ಲುಟಾರೆಡಾಕ್ಸಿನ್-1ರ ಜೀನೂ ಒಂದು. ಈ ಪ್ರೋಟೀನು ಗ್ಲುಟಾಥಯಾನ್‌ನ ನೆರವಿನಿಂದ ಆಕ್ಸಿಆರ್‌ನ ಡೈಸಲ್ಫೈಡ್ ಬಂಧವನ್ನು ಅಪಕರ್ಷಿಸಿ ಬಿಡಿಸುತ್ತದೆ. ಹೀಗೆ ಆಕ್ಸಿಆರ್ ತನ್ನನ್ನು ನಿಲ್ಲಿಸುವ ಪ್ರೋಟೀನನ್ನು ತಾನೇ ಉತ್ಪಾದಿಸಿಕೊಳ್ಳುತ್ತದೆ. ಪೆರಾಕ್ಸೈಡ್ ಇಳಿದ ಮೇಲೆ ಕೆಲವು ನಿಮಿಷಗಳಲ್ಲಿಯೇ ವ್ಯವಸ್ಥೆ ಮೊದಲಿನ ಸ್ಥಿತಿಗೆ ಮರಳುತ್ತದೆ.

ನಿಯಂತ್ರಣಕ್ಕೊಳಪಟ್ಟ ಜೀನುಗಳು

ಪೆರಾಕ್ಸೈಡನ್ನು ನೇರವಾಗಿ ನಾಶಮಾಡುವ ಎರಡು ಕಿಣ್ವಗಳು ಇದರ ಹಿಡಿತದಲ್ಲಿವೆ. ಕಡಿಮೆ ಸಾಂದ್ರತೆಯಲ್ಲಿ ಆಲ್ಕೈಲ್ ಹೈಡ್ರೋಪೆರಾಕ್ಸೈಡ್ ರಿಡಕ್ಟೇಸ್ ಪ್ರಧಾನ. ಸಾಂದ್ರತೆ ಏರಿದಾಗ ಕ್ಯಾಟಜಿ ಎಂಬ ಕ್ಯಾಟಲೇಸ್ ಹೊಣೆ ಹೊರುತ್ತದೆ. ಇವುಗಳಿಗಿಂತ ಕುತೂಹಲಕರವಾದುದು ಕಬ್ಬಿಣದ ನಿರ್ವಹಣೆ. ಡಿಪಿಎಸ್ ಎಂಬ, 12 ಘಟಕಗಳ ಟೊಳ್ಳು ಗೋಳದಂಥ ಪ್ರೋಟೀನು ಬಿಡಿ ಕಬ್ಬಿಣವನ್ನು ತನ್ನೊಳಗೆ ಕೂಡಿಹಾಕುತ್ತದೆ. ಫರ್ ಎಂಬ ನಿಯಂತ್ರಕ ಹೊರಗಿನಿಂದ ಕಬ್ಬಿಣದ ಆಮದನ್ನು ತಗ್ಗಿಸುತ್ತದೆ. ಅದೇ ಹೊತ್ತಿಗೆ ಮ್ಯಾಂಗನೀಸ್ ಒಳತರುವ ಪ್ರೋಟೀನು ಹೆಚ್ಚುತ್ತದೆ. ಕೆಲವು ಕಿಣ್ವಗಳಲ್ಲಿ ಕಬ್ಬಿಣದ ಜಾಗವನ್ನು ಮ್ಯಾಂಗನೀಸ್ ತುಂಬಬಲ್ಲದು, ಮತ್ತು ಅದು ಫೆಂಟನ್ ಕ್ರಿಯೆಗೆ ಒಳಗಾಗುವುದಿಲ್ಲ. ಬೆಂಕಿಯನ್ನು ಆರಿಸುವುದರ ಜೊತೆಗೆ ಸೌದೆಯನ್ನೂ ದೂರ ಸರಿಸುವ ಕ್ರಮವಿದು.

ಪ್ರೋಟೀನಾಗಿ ಭಾಷಾಂತರವಾಗದ, 109 ನ್ಯೂಕ್ಲಿಯೋಟೈಡುಗಳ ಆಕ್ಸಿಎಸ್ ಎಂಬ ಕಿರು ಆರ್‌ಎನ್‌ಎಯೂ ಈ ಗುಂಪಿನಲ್ಲಿದೆ. ಇದರ ಜೀನು ಆಕ್ಸಿಆರ್ ಜೀನಿನ ಪಕ್ಕದಲ್ಲಿಯೇ ಇದ್ದು ವಿರುದ್ಧ ದಿಕ್ಕಿನಲ್ಲಿ ಪ್ರತಿಲೇಖನಗೊಳ್ಳುತ್ತದೆ. 1997ರಲ್ಲಿ ವರದಿಯಾದ ಈ ಆರ್‌ಎನ್‌ಎ, ಬ್ಯಾಕ್ಟೀರಿಯಾಗಳಲ್ಲಿ ಕಿರು ಆರ್‌ಎನ್‌ಎಗಳ ಅಧ್ಯಯನಕ್ಕೆ ಆರಂಭದ ಮಾದರಿಗಳಲ್ಲೊಂದಾಯಿತು.

ಇತರ ವ್ಯವಸ್ಥೆಗಳು

ಎಶೆರಿಕಿಯಾ ಕೋಲಿಯಲ್ಲಿಯೇ ಸಾಕ್ಸ್‌ಆರ್ ಎಂಬ ಇನ್ನೊಂದು ಸಂವೇದಕವಿದೆ. ಅದು ಕಬ್ಬಿಣ-ಗಂಧಕ ಗುಚ್ಛದ ಉತ್ಕರ್ಷಣದ ಮೂಲಕ ಎಚ್ಚರಗೊಂಡು ಸಾಕ್ಸ್‌ಎಸ್ ಎಂಬ ಎರಡನೆಯ ನಿಯಂತ್ರಕವನ್ನು ತಯಾರಿಸುತ್ತದೆ. ಬ್ಯಾಸಿಲಸ್ ಸಬ್ಟಿಲಿಸ್‌ನಲ್ಲಿ ಪೆರಾಕ್ಸೈಡನ್ನು ಗುರುತಿಸುವ ಪರ್‌ಆರ್ ಭಿನ್ನ ಮಾರ್ಗ ಹಿಡಿದಿದೆ. ಅದು ಕಬ್ಬಿಣವನ್ನು ಧರಿಸಿ ಜೀನುಗಳನ್ನು ತಡೆದಿಡುತ್ತದೆ. ಪೆರಾಕ್ಸೈಡ್ ಬಂದಾಗ ಆ ಕಬ್ಬಿಣವೇ ಪಕ್ಕದ ಹಿಸ್ಟಿಡಿನನ್ನು ಉತ್ಕರ್ಷಿಸಿ ತಡೆಯನ್ನು ಸಡಿಲಿಸುತ್ತದೆ. ಆಕ್ಸಿಆರ್‌ನ ಬಂಧದಂತೆ ಈ ಬದಲಾವಣೆಯನ್ನು ಹಿಂದಿರುಗಿಸಲಾಗದು.

ಕ್ಷಯರೋಗಾಣುವಿನಲ್ಲಿ

ಕ್ಷಯವನ್ನುಂಟುಮಾಡುವ ಮೈಕೋಬ್ಯಾಕ್ಟೀರಿಯಂ ಟ್ಯುಬರ್ಕ್ಯುಲೋಸಿಸ್‌ನಲ್ಲಿ ಆಕ್ಸಿಆರ್ ಜೀನು ಅನೇಕ ರೂಪಾಂತರಗಳಿಂದ ಕೆಟ್ಟುಹೋಗಿದೆ. ಬಿಳಿ ರಕ್ತಕಣಗಳೊಳಗೆ ಅಡಗಿ ಬದುಕುವ ರೋಗಾಣು ಇಂಥ ಕಾವಲನ್ನು ಕಳೆದುಕೊಂಡಿರುವುದು ಅಚ್ಚರಿಯ ಸಂಗತಿ. ಇದು 1990ರ ದಶಕದ ಮಧ್ಯದಲ್ಲಿ ಬೆಳಕಿಗೆ ಬಂದಾಗ, 1952ರಿಂದ ಬಳಕೆಯಲ್ಲಿರುವ ಐಸೋನಿಯಾಜಿಡ್ ಔಷಧಿಗೆ ಈ ರೋಗಾಣು ತೋರುವ ಅಸಾಧಾರಣ ಸಂವೇದನೆಯೊಡನೆ ಅದನ್ನು ಜೋಡಿಸಲಾಯಿತು.

ಐಸೋನಿಯಾಜಿಡ್ ಸ್ವತಃ ನಿಷ್ಕ್ರಿಯ. ರೋಗಾಣುವಿನ ಕ್ಯಾಟಜಿ ಕಿಣ್ವವೇ ಅದನ್ನು ಸಕ್ರಿಯಗೊಳಿಸುತ್ತದೆ ಎಂದು 1992ರಲ್ಲಿ ತಿಳಿಯಿತು. ಸಕ್ರಿಯ ರೂಪವು ಕೋಶಭಿತ್ತಿಯ ಮೈಕೋಲಿಕ್ ಆಮ್ಲದ ತಯಾರಿಕೆಯನ್ನು ತಡೆಯುತ್ತದೆ. ಆದ್ದರಿಂದ ಕ್ಯಾಟಜಿಯನ್ನು ಕಳೆದುಕೊಂಡ ರೋಗಾಣು ಔಷಧಿಯಿಂದ ಪಾರಾಗುತ್ತದೆ, ಆದರೆ ಪೆರಾಕ್ಸೈಡ್‌ಗೆ ಬಯಲಾಗುತ್ತದೆ. ಅಂಥ ಕೆಲವು ನಿರೋಧಕ ತಳಿಗಳಲ್ಲಿ ಆಲ್ಕೈಲ್ ಹೈಡ್ರೋಪೆರಾಕ್ಸೈಡ್ ರಿಡಕ್ಟೇಸ್ ಜೀನಿನ ಆರಂಭಸ್ಥಾನ ರೂಪಾಂತರಗೊಂಡು, ಆ ಕಿಣ್ವ ಹೆಚ್ಚಾಗಿ ಉತ್ಪತ್ತಿಯಾಗುವುದು ಕಂಡುಬಂದಿದೆ. ಅದಕ್ಕಿಂತ ಸಾಮಾನ್ಯವಾದ ಮಾರ್ಗ ಕ್ಯಾಟಜಿಯ 315ನೆಯ ಸ್ಥಾನದಲ್ಲಿ ಸೆರೀನ್ ಬದಲು ಥ್ರಿಯೋನಿನ್ ಬರುವುದು. ಆಗ ಕಿಣ್ವ ಪೆರಾಕ್ಸೈಡನ್ನು ನಾಶಮಾಡುವ ಶಕ್ತಿಯನ್ನು ಬಹುಮಟ್ಟಿಗೆ ಉಳಿಸಿಕೊಂಡು, ಔಷಧಿಯನ್ನು ಸಕ್ರಿಯಗೊಳಿಸುವ ಸಾಮರ್ಥ್ಯವನ್ನು ಕಳೆದುಕೊಳ್ಳುತ್ತದೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದಲ್ಲಿದ್ದು, ಕಫದ ಮಾದರಿಗಳಲ್ಲಿ ಐಸೋನಿಯಾಜಿಡ್ ನಿರೋಧವನ್ನು ಗುರುತಿಸುವ ಆಣ್ವಿಕ ಪರೀಕ್ಷೆಗಳು ಮುಖ್ಯವಾಗಿ ಹುಡುಕುವ ರೂಪಾಂತರಗಳಲ್ಲಿ ಇದೂ ಒಂದು.