ಲೋಹದ ಮೇಲ್ಮೈಯ ಸ್ಟ್ರೈನ್ ಮತ್ತು ಕ್ರಿಯಾವರ್ಧನೆ

ಲೋಹದ ಹರಳಿನಲ್ಲಿ ಪರಮಾಣುಗಳ ನಡುವಿನ ಸಹಜ ಅಂತರ ಹಿಗ್ಗುವುದನ್ನು ಇಲ್ಲವೆ ಕುಗ್ಗುವುದನ್ನು ಸ್ಟ್ರೈನ್ ಎನ್ನುತ್ತಾರೆ. ನೂರಕ್ಕೆ ಒಂದೆರಡು ಪಾಲು ವ್ಯತ್ಯಾಸವಾದರೂ ಸಾಕು, ಅನಿಲದ ಅಣುಗಳು ಆ ಮೇಲ್ಮೈಗೆ ಅಂಟಿಕೊಳ್ಳುವ ಬಲ, ಅಂದರೆ ಅಧಿಶೋಷಣೆಯ ಬಲ, ಬದಲಾಗುತ್ತದೆ. ಅವು ಅಲ್ಲಿ ಒಡೆದು ಹೊಸ ಅಣುಗಳಾಗುವ ವೇಗವೂ ಬದಲಾಗುತ್ತದೆ.

ಇಂಥ ಮೇಲ್ಮೈಗಳನ್ನೇ ನಂಬಿದ ಉದ್ಯಮಗಳು ಚೆನ್ನೈನ ಉತ್ತರದ ತಿರುವೊಟ್ಟಿಯೂರಿನ ಆಸುಪಾಸಿನಲ್ಲಿ ಬೆಳೆದಿವೆ. ಪಕ್ಕದ ಮಣಲಿಯಲ್ಲಿ ಇಂದಿನ ಚೆನ್ನೈ ಪೆಟ್ರೋಲಿಯಂನ ತೈಲ ಸಂಸ್ಕರಣಾಗಾರ 1969ರಲ್ಲಿ, ಮದ್ರಾಸ್ ರಿಫೈನರೀಸ್ ಎಂಬ ಹೆಸರಿನಲ್ಲಿ ಶುರುವಾಯಿತು. ಮದ್ರಾಸ್ ಫರ್ಟಿಲೈಸರ್ಸ್ ಅದರ ಬೆನ್ನಿಗೇ ಬಂತು. ನಾಫ್ತಾವನ್ನು ಹೆಚ್ಚು ಆಕ್ಟೇನಿನ ಪೆಟ್ರೋಲಾಗಿಸುವ ವಿಧಾನಕ್ಕೆ ಪ್ಲಾಟಿನಂ ಬೇಕು, ಅಮೋನಿಯಾಕ್ಕೆ ಕಬ್ಬಿಣ. ಎನ್‌ಫೀಲ್ಡ್ ಬುಲೆಟ್‌ಗೆ ಹೆಸರಾದ ಬೈಕ್ ಕಾರ್ಖಾನೆ ಇದ್ದದ್ದು ತಿರುವೊಟ್ಟಿಯೂರಿನಲ್ಲೇ. 2020ರ ಬಿಎಸ್-6 ನಿಯಮದ ಬೈಕುಗಳಲ್ಲಿ ಹೊಗೆಯ ವಿಷಾನಿಲಗಳನ್ನು ಒಡೆಯುವ ಕನ್ವರ್ಟರಿನೊಳಗೆ ಇರುವುದು ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗಳ ಅತಿಸಣ್ಣ ಕಣಗಳು. ತಾವು ಖರ್ಚಾಗದೆ ಕ್ರಿಯೆಯನ್ನು ಚುರುಕಾಗಿಸುವ ಈ ಕ್ರಿಯಾವರ್ಧಕಗಳು ಬಹುಮಟ್ಟಿಗೆ ಮಾಡಿ ನೋಡಿ ಕಂಡುಕೊಂಡವು. ಅವು ಏಕೆ ಕೆಲಸ ಮಾಡುತ್ತವೆ ಎಂಬುದು ತಿಳಿದದ್ದು ತಡವಾಗಿ.

ತಿಳಿವಳಿಕೆಯ ಮೊದಲ ಎಳೆ ಫ್ರಾನ್ಸಿನ ಪಾಲ್ ಸಬಾಟಿಯೇ ಅವರದು. ಅಣು ಸಡಿಲವಾಗಿ ಕೂತರೆ ಹಾಗೆಯೇ ಹಾರಿಹೋಗುತ್ತದೆ, ಬಿಗಿಯಾಗಿ ಕೂತರೆ ಜಾಗ ಬಿಟ್ಟು ಏಳುವುದೇ ಇಲ್ಲ. ಒಳ್ಳೆಯ ಕ್ರಿಯಾವರ್ಧಕಕ್ಕೆ ಇವೆರಡರ ನಡುವಿನ ಹದ ಬೇಕು. 1925ರಲ್ಲಿ ಹ್ಯೂ ಟೇಲರ್, ಮೇಲ್ಮೈಯ ಎಲ್ಲ ಜಾಗಗಳೂ ಒಂದೇ ಸಮ ಚುರುಕಲ್ಲ ಎಂದರು. ಹದವನ್ನು ನಿರ್ಧರಿಸುವುದು ಯಾವುದು ಎಂಬ ಪ್ರಶ್ನೆ ಮಾತ್ರ ಉಳಿಯಿತು.

1990ರ ದಶಕದಲ್ಲಿ ಡೆನ್ಮಾರ್ಕಿನ ಬ್ಯೋರ್ಕ್ ಹ್ಯಾಮರ್ ಮತ್ತು ಯೆನ್ಸ್ ನೋರ್ಸ್ಕೋವ್ ಉತ್ತರವನ್ನು ಲೋಹದ ಡಿ-ಇಲೆಕ್ಟ್ರಾನುಗಳಲ್ಲಿ ಹುಡುಕಿದರು. ಪರಮಾಣುಗಳು ದೂರ ಸರಿದಾಗ ಡಿ-ಪಟ್ಟಿ, ಅಂದರೆ ಈ ಇಲೆಕ್ಟ್ರಾನುಗಳ ಶಕ್ತಿಯ ಹರವು, ಕಿರಿದಾಗುತ್ತದೆ. ಪ್ಲಾಟಿನಂ, ರುಥೇನಿಯಂಗಳಂತೆ ಪಟ್ಟಿ ಅರ್ಧಕ್ಕಿಂತ ಹೆಚ್ಚು ತುಂಬಿರುವ ಲೋಹಗಳಲ್ಲಿ ಆಗ ಅದರ ಕೇಂದ್ರ ಮೇಲೇರುತ್ತದೆ, ಆಕ್ಸಿಜನ್ ಮತ್ತು ಕಾರ್ಬನ್ ಮಾನಾಕ್ಸೈಡಿನ ಬಂಧ ಬಿಗಿಯಾಗುತ್ತದೆ. ಅದುಮಿದರೆ ಸಡಿಲವಾಗುತ್ತದೆ. ಮನೋಸ್ ಮಾವ್ರಿಕಾಕಿಸ್ ಜೊತೆಗೂಡಿ ಇವರು 1998ರಲ್ಲಿ ಪ್ರಕಟಿಸಿದ ಲೆಕ್ಕ ಈ ಕ್ಷೇತ್ರದ ಬುನಾದಿ.

ಅದೇ ವರ್ಷ ಜರ್ಮನಿಯಲ್ಲಿ ಗ್ಸೆಲ್, ಯಾಕೋಬ್, ಮೆನ್ಸೆಲ್ ಇದನ್ನು ಕಣ್ಣಿಗೆ ಕಾಣಿಸಿದರು. ರುಥೇನಿಯಂ ಹರಳಿನ ಮೇಲ್ಮೈಯ ಕೆಳಗೆ ಆರ್ಗಾನ್ ಅನಿಲವನ್ನು ಹುದುಗಿಸಿದಾಗ ಗುಳ್ಳೆಗಳೆದ್ದು ಮೇಲ್ಪದರ ಅಲ್ಲಲ್ಲಿ ಉಬ್ಬಿತು. ಉಬ್ಬಿನ ನೆತ್ತಿಯಲ್ಲಿ ಲೋಹ ಹಿಗ್ಗಿತ್ತು, ಬುಡದ ಅಂಚಿನಲ್ಲಿ ಕುಗ್ಗಿತ್ತು. ಆಕ್ಸಿಜನ್ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪರಮಾಣುಗಳು ನೆತ್ತಿಯಲ್ಲಿ ಗುಂಪುಗೂಡಿದ್ದವು, ಅಂಚನ್ನು ಬಿಟ್ಟಿದ್ದವು. ಲೋಹ ಒಂದೇ, ಬೇರೆ ಧಾತುವಿನ ಬೆರಕೆ ಇಲ್ಲ. ಬದಲಾದದ್ದು ಅಂತರ ಮಾತ್ರ. ಇಷ್ಟು ನಿಚ್ಚಳವಾದ ಪ್ರಯೋಗ ಈ ವಿಷಯದಲ್ಲಿ ವಿರಳ. ಸಾಮಾನ್ಯವಾಗಿ ಒಂದು ಲೋಹದ ಮೇಲೆ ಇನ್ನೊಂದರ ಪದರ ಹಾಸಿದಾಗ ಸ್ಟ್ರೈನ್ ಜೊತೆಗೆ ಕೆಳಗಿನ ಲೋಹದ ರಾಸಾಯನಿಕ ಪ್ರಭಾವವೂ ಸೇರಿ, ಯಾವುದರ ಪಾಲು ಎಷ್ಟೆಂದು ಬಿಡಿಸುವುದೇ ಕಷ್ಟ.

2010ರಲ್ಲಿ ಪೀಟರ್ ಸ್ಟ್ರಾಸರ್ ತಂಡ ಪ್ಲಾಟಿನಂ-ತಾಮ್ರದ ಕಣಗಳ ಹೊರಪದರದಿಂದ ತಾಮ್ರವನ್ನು ಕರಗಿಸಿ ತೆಗೆಯಿತು. ಉಳಿದ ಪ್ಲಾಟಿನಂ ಚಿಪ್ಪು ಒಳಗಿನ ಇಕ್ಕಟ್ಟಾದ ಮಿಶ್ರಲೋಹಕ್ಕೆ ಹೊಂದಿಕೊಂಡು ಕುಗ್ಗಿತು, ಇಂಧನಕೋಶದಲ್ಲಿ ಆಕ್ಸಿಜನ್ನಿನ ಕ್ರಿಯೆ ಚುರುಕಾಯಿತು. 2016ರಲ್ಲಿ ಸ್ಟ್ಯಾನ್‌ಫರ್ಡಿನ ಯಿ ಕುಯಿ ತಂಡ ಲಿಥಿಯಂ ಬ್ಯಾಟರಿಯ ಎಲೆಕ್ಟ್ರೋಡಿನ ಮೇಲೆ ಪ್ಲಾಟಿನಂ ಕೂರಿಸಿ, ಚಾರ್ಜ್ ಏರಿಳಿಯುವಾಗ ಆಗುವ ಹಿಗ್ಗು ಕುಗ್ಗುಗಳಿಂದಲೇ ಅದನ್ನು ಎಳೆಯಿತು, ಅದುಮಿತು. ಅದುಮಿದಾಗ ಚಟುವಟಿಕೆ ಶೇ. 90ರಷ್ಟು ಹೆಚ್ಚಿತು, ಎಳೆದಾಗ ಶೇ. 40ರಷ್ಟು ಇಳಿಯಿತು.

ಲೋಹದ ಮೇಲೆ ಅನಿಲಗಳು ಕೂರುವ ಬಗೆಯನ್ನು ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಇಲೆಕ್ಟ್ರಾನ್ ಸ್ಪೆಕ್ಟ್ರೋಸ್ಕೋಪಿಯಿಂದ ಅಭ್ಯಾಸ ಮಾಡಿದ್ದರು. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರದ ಶೋಭನಾ ನರಸಿಂಹನ್ ಮತ್ತು ಸಹೋದ್ಯೋಗಿಗಳು 2008ರಲ್ಲಿ, ಕನ್ವರ್ಟರಿಗೆ ನೇರವಾಗಿ ಸಂಬಂಧಿಸಿದ ನೈಟ್ರಿಕ್ ಆಕ್ಸೈಡ್-ರೋಡಿಯಂ ಜೋಡಿಯನ್ನು ಲೆಕ್ಕಕ್ಕೆ ತೆಗೆದುಕೊಂಡರು. ರೋಡಿಯಂ ಪರಮಾಣುವಿನ ನೆರೆಯವರ ಸಂಖ್ಯೆ, ಅವರ ದೂರ ಎರಡನ್ನೂ ಕೂಡಿಸಿದ ಒಂದೇ ಅಳತೆಯಿಂದ ಅಣುವಿನ ಅಧಿಶೋಷಣೆಯ ಶಕ್ತಿಯನ್ನು ಅಂದಾಜಿಸಬಹುದು ಎಂದು ತೋರಿಸಿದರು. ಚೆನ್ನೈನಲ್ಲಿ ಕ್ರಿಯಾವರ್ಧನೆಗೆಂದೇ ಐಐಟಿ ಮದ್ರಾಸಿನಲ್ಲಿ 2006ರಲ್ಲಿ ರಾಷ್ಟ್ರೀಯ ಕೇಂದ್ರ ಸ್ಥಾಪನೆಯಾಯಿತು.

ಬಾಳಿಕೆ ಇನ್ನೂ ಬಗೆಹರಿಯದ ತೊಡಕು. ಇಂಧನಕೋಶದ ಆಮ್ಲೀಯ ವಾತಾವರಣದಲ್ಲಿ ಕಣದೊಳಗಿನ ತಾಮ್ರ, ಕೋಬಾಲ್ಟ್ ಮೆಲ್ಲಗೆ ಸೋರಿಹೋಗುತ್ತವೆ, ಪ್ಲಾಟಿನಂ ತನ್ನ ಸಹಜ ಅಂತರಕ್ಕೆ ಮರಳುತ್ತದೆ, ಗಳಿಸಿದ ಚುರುಕೂ ಅದರೊಂದಿಗೆ ಇಳಿಯುತ್ತದೆ.