ಹೊಗೆಸೊಪ್ಪು ಮತ್ತು ತಾತನ ಕೈ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಎಷ್ಟೋ ಮನೆಗಳ ಮದುವೆ, ಫೀಸು, ಸಾಲ ಎಲ್ಲ ನಡೆಯೋದು ಹೊಗೆಸೊಪ್ಪಿನ ಮೇಲೆ. ನನ್ನ ಇಂಜಿನಿಯರಿಂಗ್ ಓದೂ ಅದರದ್ದೇ. (ಕೆ.ಆರ್. ನಗರದ ನೆಂಟರು ನಾಲೆ ನೀರಲ್ಲಿ ಭತ್ತ ಬೆಳೆದುಕೊಂಡು ನಮ್ಮನ್ನು ನೋಡಿ ನಗ್ತಾರೆ, ಇರಲಿ.) 1984ರಲ್ಲಿ ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಶುರುವಾದಾಗ ತಾತ ಗಾಡಿಯಲ್ಲಿ ಬೇಲ್ ಹಾಕಿಕೊಂಡು ಹೋಗಿದ್ದರಂತೆ.

ಆ ತಾತನ ಬಲಗೈ ಐದಾರು ವರ್ಷದ ಹಿಂದೆ ನಡುಗಲು ಶುರುವಾಯಿತು. ಪಾರ್ಕಿನ್ಸನ್ ಕಾಯಿಲೆ. ಚಿಕ್ಕಪ್ಪ ಹೇಳಿದ್ದು: "ಬೀಡಿ ಸೇದೋರಿಗೆ ಇದು ಬರಲ್ವಂತೆ ಕಣೋ. ಅಪ್ಪ ಜೀವಮಾನ ಪೂರ್ತಿ ಸೊಪ್ಪು ಬೆಳೆದ್ರು, ಒಂದಿನ ಸೇದಲಿಲ್ಲ ನೋಡು."

ಅಡ್ಡಕತೆ ಅಂದುಕೊಂಡು ಹುಡುಕಿದರೆ, ಪೂರ್ತಿ ಸುಳ್ಳಲ್ಲ! 1959ರಲ್ಲಿ ಹೆರಾಲ್ಡ್ ಡಾರ್ನ್ ಎಂಬಾತ ಅಮೆರಿಕದ ಮಾಜಿ ಸೈನಿಕರ ಸಾವಿನ ಲೆಕ್ಕ ತೆಗೆದಾಗ, ಸಿಗರೇಟು ಸೇದುವವರಲ್ಲಿ ಕ್ಯಾನ್ಸರ್ ಹೆಚ್ಚು, ಪಾರ್ಕಿನ್ಸನ್ ಮಾತ್ರ ಕಡಿಮೆ ಕಂಡಿತ್ತು. ಆಮೇಲಿನ ಎಷ್ಟೋ ಅಧ್ಯಯನಗಳೂ ಹಾಗೇ ಹೇಳಿವೆ.

ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆ ಬಗ್ಗೆ ಬರೆದದ್ದು 1817ರಲ್ಲಿ. 1912ರಲ್ಲಿ ಲೆವಿ ಎಂಬ ವೈದ್ಯ ರೋಗಿಗಳ ಮೆದುಳಿನ ಜೀವಕೋಶಗಳಲ್ಲಿ ಗಂಟುಗಳನ್ನು ಕಂಡ. ಅವು ಮುಖ್ಯವಾಗಿ ಆಲ್ಫಾ-ಸೈನ್ಯೂಕ್ಲೀನ್ ಎಂಬ ಪ್ರೋಟೀನಿನವು ಅಂತ ಗೊತ್ತಾಗಲು 1997 ಬರಬೇಕಾಯಿತು. 140 ಅಮೈನೋ ಆಮ್ಲಗಳ ಸರ. ನೀರಿನಲ್ಲಿ ಸಡಿಲ ದಾರದ ಹಾಗಿರುತ್ತೆ. ಜೀವಕೋಶದ ಕೊಬ್ಬಿನ ಪೊರೆ ಮೇಲೆ ಕೂತರೆ ಸ್ಪ್ರಿಂಗಿನಂತೆ ಸುರುಳಿಯಾಗುತ್ತೆ ಅಂತ 1998ರಲ್ಲಿ ತೋರಿಸಿದರು.

ನನಗೆ ಮಜಾ ಅನಿಸಿದ್ದು ಇಲ್ಲಿ. ಪೊರೆ ಒಳ್ಳೆಯದೋ ಕೆಟ್ಟದ್ದೋ? ಎರಡೂ! ತಾತ ಸೊಪ್ಪನ್ನು ಕಡ್ಡಿಗೆ ಕಟ್ಟುವಾಗ "ಒತ್ತೊತ್ತಾಗಿ ಕಟ್ಬೇಡ" ಅಂತ ಬೈಯೋರು; ಜಾಗ ಇದ್ದರೆ ಬ್ಯಾರನ್ನಿನಲ್ಲಿ ಎಲೆ ಹದವಾಗುತ್ತೆ, ಇಲ್ಲದಿದ್ದರೆ ಕೆಡುತ್ತೆ. ಇದೂ ಹಾಗೇ. ಪೊರೆ ಧಾರಾಳವಾಗಿದ್ದು ಪ್ರೋಟೀನು ಕಮ್ಮಿಯಿದ್ದರೆ ಎಲ್ಲ ಬಿಡಿಬಿಡಿಯಾಗಿ ಕೂರುತ್ತವೆ. ಜಾಗ ಸಾಲದಾದರೆ ಒಂದಕ್ಕೊಂದು ಅಂಟಿ ಎಳೆ ಕಟ್ಟುತ್ತವೆ. 2015ರಲ್ಲಿ ಕೇಂಬ್ರಿಡ್ಜಿನವರು ಅಳೆದಾಗ, ಕೆಲವು ಬಗೆಯ ಕೊಬ್ಬಿನ ಪೊರೆ ಈ ಎಳೆಯ ಮೊದಲ ಬೀಜ ಹುಟ್ಟುವ ವೇಗವನ್ನು ಸಾವಿರ ಪಟ್ಟಿಗೂ ಹೆಚ್ಚು ಮಾಡಿತ್ತು. ಹಾಗಾದರೆ ಪ್ರೋಟೀನನ್ನು ಪೊರೆಯಿಂದಲೇ ಎಬ್ಬಿಸಿದರೆ? ಶಾರ್ಕ್ ಮೀನಿನಲ್ಲಿ 1993ರಲ್ಲಿ ಸಿಕ್ಕಿದ ಸ್ಕ್ವಾಲಮೈನ್ ಅದನ್ನೇ ಮಾಡುತ್ತೆ ಅಂತ 2017ರಲ್ಲಿ ಪ್ರಕಟವಾಯಿತು. ಹುಳುಗಳ ಮೇಲಿನ ಪ್ರಯೋಗದಲ್ಲಿ ಲಕ್ವ ಕಡಿಮೆಯಾಗಿತ್ತು.

ನಿಕೋಟಿನ್ ಕತೆ ಬೇರೆ. 2009ರ ಒಂದು ಪ್ರಬಂಧದಲ್ಲಿ ಅದು ಪ್ರನಾಳದೊಳಗೆ ಎಳೆ ಕಟ್ಟುವುದನ್ನು ತಡೆದಿತ್ತು. ಅಷ್ಟು ಓದಿ ನಾನು ಮೆಡಿಕಲ್ ಶಾಪಿಗೆ ಹೋಗಿ ನಿಕೋಟಿನ್ ಗಮ್ ತಂದುಬಿಟ್ಟೆ! ತಾತನಿಗೆ ಕೊಡುವ ಮುಂಚೆ ಡಾಕ್ಟರಿಗೆ ಹೇಳಿದ್ದು ಪುಣ್ಯ, ಚೆನ್ನಾಗಿ ಬೈಸಿಕೊಂಡೆ. ಆಮೇಲೆ ಸಿಕ್ಕಿದ್ದು 2023ರ ಫಲಿತಾಂಶ: ಜರ್ಮನಿ, ಅಮೆರಿಕದ 162 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ವರ್ಷವಿಡೀ ನಿಕೋಟಿನ್ ಪಟ್ಟಿ ಅಂಟಿಸಿ ನೋಡಿದರೂ ಕಾಯಿಲೆ ನಿಧಾನವಾಗಲಿಲ್ಲ. ಪ್ರನಾಳದಲ್ಲಿ ಆದದ್ದು ಮೆದುಳಲ್ಲೂ ಆಗಬೇಕೆಂದಿಲ್ಲ. ರೋಗ ಬರುವವರಿಗೆ ಅದು ಕಾಣಿಸಿಕೊಳ್ಳುವ ಮೊದಲೇ ಸಿಗರೇಟು ಬಿಡೋದು ಸುಲಭವಾಗಿರಬಹುದು, ಹಳೆಯ ಲೆಕ್ಕ ಹಾಗೆ ಕಂಡಿರಬಹುದು ಅನ್ನೋ ವಾದವೂ ಇದೆ.

ಗಮ್ ಡಬ್ಬಿ ಇನ್ನೂ ನನ್ನ ಡ್ರಾಯರಿನಲ್ಲಿದೆ. ತಾತ ದಿನಕ್ಕೆ ಮೂರು ಹೊತ್ತು ಲೆವೊಡೋಪಾ ಮಾತ್ರೆ ತಗೊಳ್ತಾರೆ. ಅದು ಗಂಟು ಕರಗಿಸಲ್ಲ, ಮೆದುಳಲ್ಲಿ ಕಮ್ಮಿಯಾದ ಡೋಪಮೈನ್ ತುಂಬಿಕೊಡುತ್ತೆ ಅಷ್ಟೇ. ಚಿಕ್ಕಪ್ಪನಿಗೆ ಇದೆಲ್ಲ ಹೇಳಿದೆ. ಅವರಿನ್ನೂ ಒಪ್ಪಿಲ್ಲ.